ಮಿಗ್-21 ಬಿಟ್ಟು ಎಫ್-16 ತಗೊಂಡೆ, ಹಾರಿಸೋ ಮಜಾನೇ ಹೋಯ್ತು. ತಪ್ಪು ಫ್ಲೈ ಬೈ ವೈರ್‌ದಾ, ನಂದಾ?

ಸಂಜೆ_ಪೈಲಟ್

ನಮಸ್ಕಾರ ಎಲ್ರಿಗೂ, ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಿದ್ದೋರು ಓದಿ ಹೇಳಿ.

ನಾನು ಡಿಸಿಎಸ್ ಅನ್ನೋ ಕಂಪ್ಯೂಟರ್ ವಿಮಾನದ ಗೇಮ್‌ನಲ್ಲಿ ಎರಡೂವರೆ ವರ್ಷ ಮಿಗ್-21 ಬಿಸ್ ಒಂದನ್ನೇ ಹಾರಿಸ್ಕೊಂಡಿದ್ದೋನು. ಆಫೀಸಿಂದ ಬಂದು, ಊಟ ಆಗಿ, ಮಗಳು ಮಲಗಿದ್ಮೇಲೆ ಸಿಗೋ ಒಂದು ಗಂಟೆ, ಅದರಲ್ಲೇ ಎಲ್ಲ. 2025ರ ಸೆಪ್ಟೆಂಬರ್ 26ಕ್ಕೆ ಚಂಡೀಗಢದಲ್ಲಿ ವಾಯುಸೇನೆಯವ್ರು ನಿಜವಾದ ಮಿಗ್-21ಗಳನ್ನ ಬೀಳ್ಕೊಟ್ರಲ್ಲ, ಅದನ್ನ ನೋಡ್ತಾ ನೋಡ್ತಾ ನಂಗೂ ಅನ್ಸ್ತು, ಸಾಕಪ್ಪಾ ನಾನೂ ಇದನ್ನ ಶೆಡ್ಡಿಗೆ ಹಾಕಿ ಒಂದು ಮಾಡರ್ನ್ ಗಾಡಿ ತಗೋಳೋಣ ಅಂತ. ಸೇಲ್ ಬಂತು, ಎಫ್-16 ತಗೊಂಡೆ. ಇದು ಫ್ಲೈ ಬೈ ವೈರ್ ಗಾಡಿ, ಅಂದ್ರೆ ಸ್ಟಿಕ್ ಹೇಳಿದ್ದನ್ನ ಕಂಪ್ಯೂಟರ್ ಕೇಳ್ಕೊಂಡು ರೆಕ್ಕೆ, ಬಾಲ ಅದೇ ಆಡಿಸುತ್ತೆ.

ಮೊದಲ ವಾರ ಖುಷಿಯೋ ಖುಷಿ. ಸುತ್ತ ಗಾಜು, ಹಿಂದೆ ಮುಂದೆ ಎಲ್ಲ ಕಾಣುತ್ತೆ, ರಾಡಾರ್ ಕೈಗೆ ಬಂದ ಹಾಗೇ ಕೆಲಸ ಮಾಡುತ್ತೆ. ಎರಡನೇ ವಾರದಿಂದ ಏನೋ ಖಾಲಿ ಖಾಲಿ. ಏನು ಅಂತ ಹೇಳೋಕೂ ಕಷ್ಟ ಆಗ್ತಿದೆ, ಆದ್ರೂ ಟ್ರೈ ಮಾಡ್ತೀನಿ. ಮಿಗ್‌ನಲ್ಲಿ ಸ್ಪೀಡ್ ಇಳಿದಾಗ ಸ್ವಲ್ಪ ಜಾಸ್ತಿ ಎಳೆದ್ರೆ ಮೊದಲು ಗಡಗಡ ನಡುಗುತ್ತೆ, ಇನ್ನೂ ಎಳೆದ್ರೆ ರೆಕ್ಕೆ ಆಕಡೆ ಈಕಡೆ ತೂಗೋಕೆ ಶುರು ಮಾಡುತ್ತೆ, ಆಗ ಬೈಕೊಂಡು ಸ್ಟಿಕ್ ಸಡಿಲ ಬಿಟ್ಟು ಕಾಲಲ್ಲಿ ರಡ್ಡರ್ (ಬಾಲದ ಚುಕ್ಕಾಣಿ) ಕೊಟ್ಟು ಸಮಾಧಾನ ಮಾಡ್ಬೇಕು, ಲ್ಯಾಂಡಿಂಗಲ್ಲಂತೂ ಎಸ್‌ಪಿಎಸ್ ಆನ್ ಇಟ್ಕೊಂಡು ಬರ್ತಾ ಇರುವಾಗ ಥ್ರಾಟಲ್ ಪಟ್ ಅಂತ ಕಟ್ ಮಾಡಿದ್ರೆ ಆ ಎಸ್‌ಪಿಎಸ್ ರೆಕ್ಕೆ ಹಿಂದಿನ ಫ್ಲಾಪ್ ಮೇಲೆ ಊದ್ತಿದ್ದ ಇಂಜಿನ್ ಗಾಳಿ ನಿಂತೋಗಿ ಕಲ್ಲು ಬಿದ್ದಂಗೆ ಬೀಳುತ್ತೆ. ಇದನ್ನೆಲ್ಲ ಕಲಿಯೋಕೆ ನಂಗೆ ಆರು ತಿಂಗಳು ಹಿಡೀತು. ಎಫ್-16ರಲ್ಲಿ ಸ್ಟಿಕ್ ಹಿಂದಕ್ಕೆ ಕೊನೇವರೆಗೂ ಎಳೆದು ಕೂತ್ರೆ ಆಯ್ತು. ಕಂಪ್ಯೂಟರು "ಇಷ್ಟು ಕೊಡ್ತೀನಿ, ಇದಕ್ಕಿಂತ ಜಾಸ್ತಿ ಇಲ್ಲ" ಅಂತ ರೇಷನ್ ಅಂಗಡಿ ಥರ ಅಳೆದು ಕೊಡುತ್ತೆ. ಕೈ ಬಿಟ್ರೆ ನೆಟ್ಟಗೆ ಹೋಗ್ತಾ ಇರುತ್ತೆ. ಟ್ರಿಮ್, ಅಂದ್ರೆ ಸ್ಟಿಕ್ಕಿನ ಭಾರ ಕಳೆಯೋ ಹೊಂದಾಣಿಕೆ, ಮುಟ್ಟೋದೇ ಬೇಡ.

ಈ ವಿಮಾನ ಹೇಳಿದ ಮಾತು ಕೇಳುತ್ತೆ, ತಿರುಗಿ ಮಾತಾಡಲ್ಲ. ಅದೇ ನನ್ನ ಕಂಪ್ಲೇಂಟು.

ಇದು ಫ್ಲೈ ಬೈ ವೈರ್ ಇರೋ ಎಲ್ಲಾ ವಿಮಾನದ್ದೂ ಹಣೆಬರಹಾನಾ ಅಥವಾ ಎಫ್-16ದು ಮಾತ್ರನಾ? ಹಾರ್ನೆಟ್, ಮಿರಾಜ್ 2000 ಏನಾದ್ರೂ ಬೇರೆ ಥರ ಇದ್ಯಾ? ಇಲ್ಲ ನಾನು ಸುಮ್ನೆ ಎಫ್-4 ಫ್ಯಾಂಟಮ್ ಕಡೆ ಹೋಗ್ಲಾ? ಇನ್ನೂ ಒಂದು, ನನ್ನ ಹತ್ರ ಇರೋದು ಲಾಜಿಟೆಕ್ ಎಕ್ಸ್‌ಟ್ರೀಮ್ 3ಡಿ ಪ್ರೋ, ತಿರುಚಿದ್ರೆ ರಡ್ಡರ್ ಆಗೋದು. ಪೆಡಲ್ ಇಲ್ಲ.

---

ಮೌಸ್ಏಮ್_ಮಂಜ

ಗುರು ನಾನು ವಾರ್ ಥಂಡರ್ ಗೇಮ್ ಪಾರ್ಟಿ, ಬೈಬೇಡಿ. ಆದ್ರೆ ಒಂದು ಯೋಚನೆ ಮಾಡಿ. ನಾವು ಮೌಸಲ್ಲಿ ಒಂದು ಸಣ್ಣ ವೃತ್ತ ತೋರಿಸ್ತೀವಿ, ಆ ಕಡೆ ಮೂತಿ ತಿರುಗಿಸೋಕೆ ಏನೇನು ಬೇಕೋ ಏಲ್ರಾನು (ಉರುಳಿಸೋ ರೆಕ್ಕೆ ಫಲಕ), ರಡ್ಡರು, ಎಲಿವೇಟರು (ಮೂತಿ ಏರಿಳಿಸೋ ಬಾಲದ ಫಲಕ) ಎಲ್ಲ ಒಳಗಿರೋ ಇನ್‌ಸ್ಟ್ರಕ್ಟರ್ ಅನ್ನೋ ಪ್ರೋಗ್ರಾಮೇ ಆಡಿಸುತ್ತೆ. ಅಂದ್ರೆ ಎರಡನೇ ಮಹಾಯುದ್ಧದ ಸ್ಪಿಟ್‌ಫೈರಿಗೂ ನಮ್ಮಲ್ಲಿ ಒಂಥರಾ ಫ್ಲೈ ಬೈ ವೈರ್ ಹಾಕಿದಾರೆ. ಅಷ್ಟು ಜನ ಆಡ್ತಿದಾರಲ್ಲ, ಅವರಿಗೆಲ್ಲ ಮಜಾ ಬರ್ತಿಲ್ವಾ? ನಂಗೆ ಮಜಾ ಇರೋದು ಎದುರಾಳಿ ಹಿಂದೆ ಸೇರ್ಕೊಳ್ಳೋದ್ರಲ್ಲಿ, ರೆಕ್ಕೆ ನಡುಗ್ತಾ ಇದ್ಯಾ ಅಂತ ನೋಡ್ಕೊಂಡು ಕೂರೋದ್ರಲ್ಲಿ ಅಲ್ಲ.

---

ಕರಾವಳಿ_ಟಾಮ್‌ಕ್ಯಾಟ್

ಎಂತ ಮಾರಾಯ್ರೆ ಮಂಜಣ್ಣ, ರೆಕ್ಕೆ ನಡುಗುವುದೇ ಅಲ್ವಾ ಊಟ, ಉಳಿದದ್ದೆಲ್ಲ ಉಪ್ಪಿನಕಾಯಿ!

ಸಂಜೆ ಪೈಲಟ್ರೆ, ನಿಮ್ಮ ಸಂಕಟ ನನಗೆ ಅರ್ಥ ಆಗ್ತದೆ. ನಾನು ಎಫ್-14 ಟಾಮ್‌ಕ್ಯಾಟ್ ಹಾರಿಸುವವ. ಅದರಲ್ಲಿ ಫ್ಲೈ ಬೈ ವೈರ್ ಇಲ್ಲ, ಸಣ್ಣ ಸ್ಥಿರತೆಗೆ ಒಂದು ಎಸ್‌ಎಎಸ್ ಉಂಟು ಅಷ್ಟೆ, ಮತ್ತೆ ರೆಕ್ಕೆ ಹಿಂದೆ ಮುಂದೆ ಮಾಡುವುದನ್ನು ಒಂದು ಏರ್ ಡೇಟಾ ಕಂಪ್ಯೂಟರ್ ನೋಡಿಕೊಳ್ತದೆ. ಮೂತಿ ಎತ್ತಿ ನಿಧಾನ ಆದಾಗ ಎಡಕ್ಕೆ ಉರುಳಬೇಕು ಅಂತ ಸ್ಟಿಕ್ ಎಡಕ್ಕೆ ತಳ್ಳಿದ್ರೆ ಮೂತಿ ಬಲಕ್ಕೆ ಎಳೀತದೆ, ಗಾಡಿ ನಿಮಗೇ ತಿರುಗಿ ಬೀಳ್ತದೆ. ಅಲ್ಲಿ ಸ್ಟಿಕ್ಕನ್ನು ಮಧ್ಯದಲ್ಲಿ ಹಿಡಿದು ಕಾಲಲ್ಲೇ ಉರುಳಿಸಬೇಕು. ಫ್ಯಾಂಟಮ್ಮೂ ಹಾಗೆಯೇ, ಇನ್ನೂ ಸ್ವಲ್ಪ ಕೋಪ ಜಾಸ್ತಿ ಅದಕ್ಕೆ. ಎಫ್-16ರಲ್ಲಿ ಕಾಲಿಗೆ ಎಂತ ಕೆಲಸ ಉಂಟು? ಏಲ್ರಾನಿಗೂ ರಡ್ಡರಿಗೂ ಕಂಪ್ಯೂಟರೇ ಗಂಟು ಹಾಕಿ ಇಟ್ಟಿದೆ. ಹಾರುವಾಗ ಕಾಲು ಚಾಚಿ ಚಾ ಕುಡಿಯಬಹುದು.

ಆದ್ರೆ ಒಂದು ವಿಷಯ ಒಪ್ಪಿಕೊಳ್ತೇನೆ. ಹಡಗಿನ ಮೇಲೆ ಇಳಿಯುವಾಗ ನಾನು ಹಾರ್ನೆಟ್ ಬೇಡ ಅನ್ನುವುದಿಲ್ಲ. ಟಾಮ್‌ಕ್ಯಾಟಲ್ಲಿ ಕೊನೆಯ ಮುಕ್ಕಾಲು ಮೈಲಿ ಅಂದ್ರೆ ಬಲಗೈಯಲ್ಲಿ ಸ್ಟಿಕ್, ಎಡಗೈಯಲ್ಲಿ ಥ್ರಾಟಲ್, ಹೆಬ್ಬೆರಳಲ್ಲಿ ಡಿಎಲ್‌ಸಿ ಚಕ್ರ (ಮೂತಿ ಎತ್ತದೆ ಗಾಡಿ ಏರಿಳಿಸುವುದು), ಕಾಲಲ್ಲಿ ರಡ್ಡರ್, ಬಾಯಲ್ಲಿ ದೇವರು. ಹಾರ್ನೆಟಲ್ಲಿ ಚಕ್ರ ಇಳಿಸಿ ಫ್ಲಾಪ್ ಹಾಕಿದ ಕೂಡ್ಲೆ ಕಂಪ್ಯೂಟರ್ ತನ್ನ ನಿಯಮ ಬದಲಾಯಿಸ್ತದೆ, ಆಮೇಲೆ ಟ್ರಿಮ್ ಒತ್ತುವುದು ಅಂದ್ರೆ "ನನಗೆ ಇಷ್ಟು ಆಂಗಲ್ ಆಫ್ ಅಟ್ಯಾಕ್ (ಎದುರು ಗಾಳಿಗೆ ರೆಕ್ಕೆಯ ಕೋನ) ಬೇಕು" ಅಂತ ಹೇಳುವುದು. 8.1 ಡಿಗ್ರಿಗೆ ಕೂರಿಸಿ ಬಿಟ್ರೆ ಅದು ಅಲ್ಲೇ ಕೂರ್ತದೆ, ಮೇಲೆ ಕೆಳಗೆ ಹೋಗುವುದು ಪೂರ್ತಿ ಥ್ರಾಟಲಲ್ಲಿ. ಗೊತ್ತಿಲ್ಲದೆ ಸ್ಟಿಕ್ ಎಳೆದು ಹಡಗಿನಲ್ಲಿ ಇಳಿಯುವ ದಾರಿ ತೋರಿಸುವ ಬೆಳಕಿನ ಚೆಂಡನ್ನು ಮಧ್ಯಕ್ಕೆ ತರಲು ನೋಡಿದವನು, ವಿಮಾನ ಹಿಡಿದು ನಿಲ್ಲಿಸುವ ನಾಲ್ಕನೇ ವೈರೂ ತಪ್ಪಿಸಿ ಸಮುದ್ರ ನೋಡ್ಕೊಂಡು ಹೋಗ್ತಾನೆ. ಎರಡು ತಿಂಗಳು ನಾನೂ ಹಾಗೇ ಹೋಗಿದ್ದೆ. ಹಾಗಾಗಿ ಸುಲಭ ಅಂತ ಹೇಳಲಿಕ್ಕೆ ಬರುವುದಿಲ್ಲ, ಕಷ್ಟ ಬೇರೆ ಜಾಗದಲ್ಲಿ ಉಂಟು.

---

ಲೂಪ್_ಗೇನ್

ಒಳ್ಳೆ ಪ್ರಶ್ನೆ. ನಾನು ವಿಮಾನದವನಲ್ಲ ಮೊದಲೇ ಹೇಳ್ಬಿಡ್ತೀನಿ, ಪೀಣ್ಯದಲ್ಲಿ ಸಿಎನ್‌ಸಿ ಮಷಿನ್ನುಗಳ ಸರ್ವೋ (ಹೇಳಿದ ಜಾಗಕ್ಕೆ ತಿರುಗೋ ಮೋಟರ್) ಟ್ಯೂನ್ ಮಾಡೋನು, ರಾತ್ರಿ ಫಾಲ್ಕನ್ ಬಿಎಂಎಸ್ ಅನ್ನೋ ಎಫ್-16 ಗೇಮ್ ಹಾರಿಸ್ತೀನಿ, ಅದರ ಮೂಲ 1998ರ ಫಾಲ್ಕನ್ 4.0 ಡಬ್ಬ ಇನ್ನೂ ಇಟ್ಕೊಂಡಿದೀನಿ.

ಮೊದಲು ಒಂದು ತಕರಾರು. ಮಿಗ್-21 "ಮಾತಾಡುತ್ತೆ" ಅಂದ್ರಿ. ನಿಜವಾದ ಮಿಗ್-21ರಲ್ಲಿ ಸ್ಟಿಕ್ಕಿಗೆ ಬರೋ ಭಾರ ಗಾಳೀದಲ್ಲ, ಸ್ಪ್ರಿಂಗಿಂದು. ಹಿಂದಿನ ಸ್ಟೆಬಿಲೈಸರನ್ನ ನೂಕೋದು ಹೈಡ್ರಾಲಿಕ್ಕು, ಅದು ಗಾಳಿಯ ಒತ್ತಡನ ಪೈಲಟ್ ಕೈವರೆಗೆ ಬಿಡೋದೇ ಇಲ್ಲ, ಅದಕ್ಕೇ ಕೃತಕವಾಗಿ ಸ್ಪ್ರಿಂಗ್ ಹಾಕಿ ಎಆರ್‌ಯು ಅಂತ ಒಂದು ಯಂತ್ರ ಇಟ್ಟು, ಸ್ಪೀಡೂ ಎತ್ತರಾನೂ ನೋಡ್ಕೊಂಡು ಸ್ಟಿಕ್ಕಿಗೂ ಬಾಲಕ್ಕೂ ಇರೋ ಅನುಪಾತ ಬದಲಾಯಿಸ್ತಾರೆ. ಟಾಮ್‌ಕ್ಯಾಟೂ ಅಷ್ಟೇ, ಹೈಡ್ರಾಲಿಕ್ಕು, ಕೃತಕ ಭಾರ. ಗಾಳಿ ನೇರವಾಗಿ ಕೈಗೆ ಬರೋದು ಅಂದ್ರೆ ಸ್ಪಿಟ್‌ಫೈರ್, ಮಸ್ಟ್ಯಾಂಗ್ ಕಾಲದ ಕೇಬಲ್ ಗಾಡಿಗಳಲ್ಲಿ. ಹಾಗಾಗಿ ನಿಮಗೆ ಮಿಗ್ ಮಾತಾಡ್ತಿದ್ದಿದ್ದು ಸ್ಟಿಕ್ಕಿಂದ ಅಲ್ಲ, ಮೈಯಿಂದ. ನಡುಕ, ತೂಗಾಟ, ಮೂತಿ ಅಲೆದಾಡೋದು. ಸ್ಕ್ರೀನಲ್ಲಿ ಕಣ್ಣಿಗೆ, ಹೆಡ್‌ಫೋನಲ್ಲಿ ಕಿವಿಗೆ.

ಇನ್ನೂ ಒಂದು ತಮಾಷೆ ಇದೆ. ಮನೇಲಿ ಎಲ್ಲಾ ವಿಮಾನನೂ ಫ್ಲೈ ಬೈ ವೈರೇ ಸ್ವಾಮಿ, ಯುಎಸ್‌ಬಿ ವೈರ್. ನಿಮ್ಮ ಸ್ಟಿಕ್ಕು ಕಂಪ್ಯೂಟರಿಗೆ ಒಂದು ನಂಬರ್ ಕಳಿಸುತ್ತೆ, ಅಲ್ಲಿಂದ ಕೈಗೆ ವಾಪಸ್ ಏನೂ ಬರಲ್ಲ. ಇದರಿಂದ ಏನಾಗುತ್ತೆ ಅಂದ್ರೆ ಲೆಕ್ಕ ಉಲ್ಟಾ ಆಗುತ್ತೆ: ಎಫ್-16 ಅನ್ನೋದು ಮನೆ ಸ್ಟಿಕ್ಕಿಗೆ ತುಂಬಾ ಹತ್ತಿರ, ಮಸ್ಟ್ಯಾಂಗ್ ತುಂಬಾ ದೂರ. ನಿಜವಾದ ಮಸ್ಟ್ಯಾಂಗಲ್ಲಿ ಸ್ಟಿಕ್ಕನ್ನ ಎಲ್ಲಿ ಹಿಡಿದಿದೀರೋ ಅಲ್ಲೇ ಇಟ್ಕೊಂಡು ಟ್ರಿಮ್ ಚಕ್ರ ತಿರುಗಿಸ್ತಾ ಭಾರ ಕಳೀತೀರಿ. ನಿಮ್ಮ ಲಾಜಿಟೆಕ್ಕಲ್ಲಿ ಸ್ಪ್ರಿಂಗು ಯಾವಾಗ್ಲೂ ಮಧ್ಯಕ್ಕೇ ಎಳೆಯುತ್ತೆ, ಟ್ರಿಮ್ ಮಾಡ್ತಾ ಮಾಡ್ತಾ ಕೈಯನ್ನ ಮಧ್ಯಕ್ಕೆ ವಾಪಸ್ ತರಬೇಕು, ಅದು ಯಾವ ನಿಜವಾದ ಪೈಲಟ್ಟೂ ಮಾಡದ ಸರ್ಕಸ್ಸು. ಎಫ್-16ರಲ್ಲಿ ಮಧ್ಯ ಅಂದ್ರೆ 1 ಜಿ (ಮೈ ತೂಕ ಮಾಮೂಲಿನಷ್ಟೇ), ಯಾವ ಸ್ಪೀಡಲ್ಲಾದ್ರೂ. ನಿಜವಾದ ಗಾಡೀಲೂ ಅದೇ. ಅದರ ಸ್ಟಿಕ್ಕು ಶುರುನಲ್ಲಿ ಅಲ್ಲಾಡ್ತಾನೇ ಇರಲಿಲ್ಲ, ಕೈ ಎಷ್ಟು ಜೋರಾಗಿ ಒತ್ತುತ್ತೆ ಅನ್ನೋದನ್ನ ಮಾತ್ರ ಅಳೀತಿತ್ತು, ಪೈಲಟ್‌ಗಳು ಗೊಣಗಿದ್ಮೇಲೆ ಕಾಲಿಂಚಿನಷ್ಟು ಅಲ್ಲಾಡೋ ಹಾಗೆ ಮಾಡಿದ್ರು. ಅಂದ್ರೆ ನಿಮ್ಮ ಕಂಪ್ಲೇಂಟು ನಿಜವಾದ ಪೈಲಟ್‌ಗಳಿಗೂ ಇತ್ತು, ನಿಮ್ಮೊಬ್ಬರದ್ದಲ್ಲ.

ಈಗ ಫ್ಲೈ ಬೈ ವೈರ್ ಯಾಕೆ ಅಂತ. ಎಷ್ಟೋ ಜನ ಇದನ್ನ ಪೈಲಟ್‌ಗೆ ಸುಲಭ ಆಗ್ಲಿ ಅಂತ ಹಾಕಿದಾರೆ ಅನ್ಕೋತಾರೆ. ಮೂಲ ಅದಲ್ಲ. ಹಳೇ ವಿಮಾನದಲ್ಲಿ ತೂಕದ ಕೇಂದ್ರ ಮುಂದೆ, ಎತ್ತುವ ಬಲದ ಕೇಂದ್ರ ಹಿಂದೆ, ಅದರಿಂದ ಮೂತಿ ಕೆಳಗೆ ಹೋಗ್ತಾನೇ ಇರುತ್ತೆ, ಅದನ್ನ ತಡೆಯೋಕೆ ಬಾಲ ಕೆಳಗೆ ಒತ್ತಬೇಕು. ರೆಕ್ಕೆ ಎತ್ತುತ್ತೆ, ಬಾಲ ಒತ್ತುತ್ತೆ, ಸುಮ್ನೆ ದಂಡ. ಎಫ್-16ರಲ್ಲಿ ತೂಕನ ಹಿಂದಕ್ಕೆ ತಂದ್ರು, ಶಬ್ದಕ್ಕಿಂತ ಕಡಿಮೆ ವೇಗದಲ್ಲಿ ಅದು ಅಸ್ಥಿರ, ಅಂಗೈ ಮೇಲೆ ಕೋಲು ನಿಲ್ಲಿಸಿದ ಹಾಗೆ. ಬಾಲಾನೂ ಎತ್ತೋ ಕೆಲಸಕ್ಕೆ ಬಂತು, ಮೂತಿ ಬೇಗ ಏಳುತ್ತೆ. ಆದ್ರೆ ಕೋಲನ್ನ ಬೀಳದ ಹಾಗೆ ಪ್ರತಿ ಕ್ಷಣ ಸರಿಪಡಿಸ್ತಾ ಇರೋದು ಮನುಷ್ಯನ ಕೈಲಾಗಲ್ಲ. ನೀವು "ಏನೂ ಮಾಡ್ತಿಲ್ಲ ಈ ವಿಮಾನ, ಸುಮ್ನೆ ಹೋಗ್ತಿದೆ" ಅಂತೀರಲ್ಲ, ಆ ಸುಮ್ನೆ ಹೋಗೋದ್ರ ಹಿಂದೆ ಬಾಲ ಬಡ್ಕೊಳ್ತಾನೇ ಇದೆ. ಒಂದ್ಸಲ ಹೊರಗಿನ ಕ್ಯಾಮೆರಾ ಹಾಕಿ ನಿಧಾನ ವೇಗದಲ್ಲಿ ಸ್ಟೆಬಿಲೇಟರ್ (ಬಾಲದ ಅಡ್ಡ ಫಲಕ) ನೋಡಿ, ನಿಮ್ಮ ಕೈ ಅಲ್ಲಾಡದೇ ಇದ್ರೂ ಅದು ಅಲ್ಲಾಡ್ತಾ ಇರುತ್ತೆ.

ಇದು ಯಾವಾಗ್ಲೂ ಸಾಧು ಪ್ರಾಣಿನೂ ಅಲ್ಲ. 1974ರ ಜನವರಿ 20ಕ್ಕೆ ಎಫ್-16ರ ಮೊದಲ ಮಾದರಿ ವೈಎಫ್-16 ರನ್‌ವೇ ಮೇಲೆ ಜೋರಾಗಿ ಓಡಿಸಿ ನೋಡೋಕೆ ಅಂತ ಹೊರಟಿದ್ದು, ರೋಲ್ ಕಂಟ್ರೋಲು ಅತೀ ಸೂಕ್ಷ್ಮ ಆಗಿ ಎಡಕ್ಕೂ ಬಲಕ್ಕೂ ಓಲಾಡಿ ಬಾಲ ನೆಲಕ್ಕೆ ಉಜ್ಜಿ, ಪೈಲಟ್ ಫಿಲ್ ಓಸ್ಟ್ರೈಕರ್ "ನೆಲದ ಮೇಲಿರೋದಕ್ಕಿಂತ ಮೇಲೆ ಹೋಗೋದೇ ಮೇಲು" ಅಂತ ಎಬ್ಬಿಸ್ಬಿಟ್ರು. ಲೆಕ್ಕದ ಮೊದಲ ಹಾರಾಟ ಆಗಿದ್ದು ಫೆಬ್ರವರಿ 2ಕ್ಕೆ. ಸ್ವೀಡನ್ನಿನ ಗ್ರಿಪೆನ್ 1989ರಲ್ಲಿ ಇಳಿಯುವಾಗ ಬಿತ್ತು, 1993ರಲ್ಲಿ ಸ್ಟಾಕ್‌ಹೋಮ್ ಹಬ್ಬದಲ್ಲಿ ಜನರ ಎದುರೇ ಬಿತ್ತು. ಪೈಲಟ್ ಜೋರಾಗಿ ಕೇಳ್ತಾರೆ, ರೆಕ್ಕೆಯ ಫಲಕ ಅಷ್ಟು ಬೇಗ ತಿರುಗೋಕಾಗಲ್ಲ, ತಡ ಆಗುತ್ತೆ, ಪೈಲಟ್ ಇನ್ನೂ ಜೋರಾಗಿ ಉಲ್ಟಾ ಕೇಳ್ತಾರೆ, ಅದೂ ತಡ. ನಮ್ಮ ಸರ್ವೋದಲ್ಲೂ ರೇಟ್ ಲಿಮಿಟ್ ಮುಟ್ಟಿದ್ರೆ ಹೀಗೇ ಕುಣಿಯೋದು, ನಮ್ಮಲ್ಲಿ ಟೂಲ್ ಮುರಿಯುತ್ತೆ ಅಷ್ಟೇ. ಎಫ್-16ರಲ್ಲಿ ಗಾಳೀಲೇ ಇಂಧನ ತುಂಬೋ ಟ್ಯಾಂಕರ್ ಕೆಳಗೆ ಹೋಗಿ ಗಾಬರಿಯಿಂದ ಸ್ಟಿಕ್ ಕುಟ್ಟಿ ನೋಡಿ, ಇದರ ಸಣ್ಣ ರುಚಿ ಸಿಗುತ್ತೆ.

ತೇಜಸ್ ವಿಷ್ಯ ಬರೀಲೇಬೇಕು, ನಮ್ಮೂರಿಂದು. ಅದು ಬಾಲದಲ್ಲಿ ಅಡ್ಡ ಫಲಕ ಇಲ್ಲದ ಡೆಲ್ಟಾ (ತ್ರಿಕೋನ ರೆಕ್ಕೆ), ಅದೂ ಅಸ್ಥಿರ, ನಾಲ್ಕು ಚಾನೆಲ್ಲಿನ ಡಿಜಿಟಲ್ ಫ್ಲೈ ಬೈ ವೈರ್. ಕಂಪ್ಯೂಟರ್ ಬೆಂಗಳೂರಿನ ರಕ್ಷಣಾ ಲ್ಯಾಬ್ ಎಡಿಇದು, ಕಂಟ್ರೋಲ್ ಲಾ (ಯಾವ ಫಲಕ ಯಾವಾಗ ಎಷ್ಟು ಆಡ್ಬೇಕು ಅನ್ನೋ ನಿಯಮ) ಬರೆದ ತಂಡ ವೈಮಾನಿಕ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನಲ್ಲಿ ಕೂತಿತ್ತು. 1996ರಲ್ಲಿ ಆ ನಿಯಮಗಳನ್ನ ಅಮೆರಿಕದಲ್ಲಿ ಮಾರ್ಪಡಿಸಿದ ಒಂದು ಎಫ್-16ಕ್ಕೆ ತುಂಬಿ ಹಾರಿಸಿ ನೋಡಿದ್ರು, 1998ರ ಪೋಖ್ರಾನ್ ಆದ್ಮೇಲೆ ಆ ಬಾಗಿಲು ಮುಚ್ತು, ಮಿಕ್ಕಿದ್ದನ್ನ ಇಲ್ಲೇ ಮುಗಿಸಿದ್ರು. 2001ರ ಜನವರಿ 4ಕ್ಕೆ ಎಚ್‌ಎಎಲ್ ಏರ್‌ಪೋರ್ಟಿಂದ ಮೊದಲ ಸಲ ಎದ್ದಾಗ ಅದರ ನಡವಳಿಕೆ ಆಗ್ಲೇ ಸಿಮ್ಯುಲೇಟರಲ್ಲಿ ಸಾವಿರ ಸಲ ತಿದ್ದಿದ್ದು. ಅಂದ್ರೆ ಫ್ಲೈ ಬೈ ವೈರ್ ವಿಮಾನದ ಸ್ವಭಾವ ಅನ್ನೋದು ಲೋಹದಲ್ಲಿ ಮಾತ್ರ ಇರಲ್ಲ, ಯಾರೋ ಕೂತು ಬರೆದಿರ್ತಾರೆ. ನಂಗೆ ಅದೇ ರೋಮಾಂಚನ. ನಿಮಗೆ ಆಗ್ಬೇಕು ಅಂತೇನಿಲ್ಲ.

ಕೊನೇಗೆ ನಿಮಗೆ ಮೂರು ಪ್ರಶ್ನೆ. ಎಡಗಡೆ ಕೆಳಗಿನ ಪ್ಯಾನೆಲ್ಲಲ್ಲಿ ಸ್ಟೋರ್ಸ್ ಕಾನ್ಫಿಗ್ ಸ್ವಿಚ್ ಕ್ಯಾಟ್ 1ರಲ್ಲಿದ್ಯಾ ಕ್ಯಾಟ್ 3ರಲ್ಲಿದ್ಯಾ? ಆಕ್ಸಿಸ್ ಕರ್ವ್ (ಸ್ಟಿಕ್ಕನ್ನ ಮಧ್ಯದಲ್ಲಿ ಮೆತ್ತಗೆ ಮಾಡೋ ಸೆಟ್ಟಿಂಗ್) ಎಷ್ಟಿಟ್ಟಿದೀರಿ? ಡಾಗ್‌ಫೈಟಲ್ಲಿ ಸ್ಟಿಕ್ಕನ್ನ ಎಷ್ಟು ಹೊತ್ತು ಕೊನೇವರೆಗೂ ಎಳೆದು ಹಿಡಿದಿರ್ತೀರಿ?

---

ಧಾರವಾಡ_ಡೆಲ್ಟಾ

ಲೂಪ್ ಗೇನ್ ಸರ್ ಭಾಳ ಛಲೋ ಬರದೀರಿ, ನಾ ಎರಡ ಸಲ ಓದಿದೆ. ಆದ್ರ ಮಿರಾಜ್ ಬಗ್ಗೆ ಯಾರೂ ಬಾಯಿ ಬಿಡವಲ್ರಿ, ಹಂಗಾಗಿ ನಾ ಬಂದೆ.

ಸಂಜೆ ಪೈಲಟ್ ಅವ್ರ, ನಿಮಗ ಮಿಗ್-21 ಚಟ ಹತ್ತೇತಿ ಅಂದ್ರ ಮಿರಾಜ್ 2000 ಹಾರಿಸ್ರಿ. ಅದೂ ಫ್ಲೈ ಬೈ ವೈರ್, 1978ರಾಗ ಮೊದಲ ಸಲ ಹಾರಿದ್ದು, ಡಿಸಿಎಸ್‌ನಾಗ ಇರೋದು ಅನಲಾಗ್ ಕಾಲದ್ದು. ಆದ್ರ ಅದಕ್ಕ ಒಂದು ಗುಣ ಐತಿ. ಸ್ಟಿಕ್ಕಿನಾಗ ಒಂದು ಗಟ್ಟಿ ಜಾಗ ಇಟ್ಟಾರ, ಅಲ್ಲೀತನಾ 9 ಜಿ, ಜೀವಕ್ಕ ಬಂದಾಗ ಅದನ್ನ ದಾಟಿ ಎಳದ್ರ 11 ಜಿ ತನಾ ಕೊಡತೈತಿ. ಎಫ್-16ರ ಹಂಗ "ಇಲ್ಲ ಅಂದ್ರ ಇಲ್ಲ" ಅನ್ನಂಗಿಲ್ಲ, "ಬ್ಯಾಡ, ಆದ್ರ ನಿನ್ನ ಇಷ್ಟ" ಅಂತೈತಿ. ನಮ್ಮ ಮನಿ ಸ್ಟಿಕ್ಕಿನಾಗ ಆ ಗಟ್ಟಿ ಜಾಗ ಕೈಗೆ ಹತ್ತಂಗಿಲ್ಲ ಅನ್ನೋದೊಂದ ಬ್ಯಾಸರ. ಹಾರ್ನೆಟ್ಟಿನ್ಯಾಗೂ ಅಂಥಾದ್ದೊಂದು ಐತಿ, 7.5 ಜಿಗೆ ನಿಂದರತೈತಿ, ಸ್ಟಿಕ್ಕಿನ ಮುಂದಿನ ಪ್ಯಾಡಲ್ ಒತ್ತಿ ಹಿಡದ್ರ ಮೂರನೇ ಒಂದು ಪಾಲು ಜಾಸ್ತಿ ಕೊಡತೈತಿ.

ಇನ್ನ ಡೆಲ್ಟಾ ರೆಕ್ಕಿ ಇದ್ದದ್ದಕ್ಕ ಮಿರಾಜ್ ಮೊದಲ ಎಳತಕ್ಕ ಹುಲಿ, ಮೂತಿ ಗಕ್ಕನ ತಿರಗತೈತಿ, ಮೂರನೇ ಸುತ್ತಿನ್ಯಾಗ ಸ್ಪೀಡ್ ಸೋರಿ ಖಾಲಿ ಗಡಿಗಿ. ನಿಮ್ಮ ಮಿಗ್ಗಿಗೂ ಇದೇ ರೋಗ, ಹೌದಿಲ್ರಿ? ಹಂಗಾಗಿ ನಿಮ್ಮ ಕೈ ಅದಕ್ಕ ಹೊಂದತೈತಿ. ಆಂಗಲ್ ಆಫ್ ಅಟ್ಯಾಕ್ 14 ಡಿಗ್ರಿ ಇಟಗೊಂಡು ಮೂತಿ ಎತ್ತಿ ಇಳಸೋ ಚಂದ ಬ್ಯಾರೆನ.

ಸುಖೋಯ್ 27 ಬಗ್ಗೆನೂ ಒಂದ ಮಾತು. ಅದರಾಗ ಫ್ಲೈ ಬೈ ವೈರ್ ಇರೋದು ಮೂತಿ ಏರಿಳಿತಕ್ಕ ಅಷ್ಟ. ಡಿಸಿಎಸ್‌ನಾಗ ಒಂದು ಕೀ ಒತ್ತಿ ಲಿಮಿಟರ್ (ಹೆಚ್ಚಿಗಿ ಎಳಿಯೋದನ್ನ ತಡಿಯೋದು) ಬಂದ್ ಮಾಡಿ ಎಳದ್ರ ಪೈಲಟ್ ಪುಗಚೋವ್ 1989ರಾಗ ಪ್ಯಾರಿಸ್ ಷೋದಾಗ ಮಾಡಿದ ಕೋಬ್ರಾ (ಹಾವು ಹೆಡಿ ಎತ್ತಿದಂಗ ಮೂತಿ ಗಕ್ಕನ ಎತ್ತೋದು) ಬರತೈತಿ. ನಾ ಮಾಡಾಕ ಹೋಗಿ ಹತ್ತರಾಗ ಎಂಟ ಸಲ ಗಿರಗಿಟ್ಲಿ ಆಗೇನಿ. ಕಂಪ್ಯೂಟರ್ ಬಂದ್ ಮಾಡಿದ ಮ್ಯಾಲ ಗೊತ್ತಾತು ಅದು ದಿನಾ ನನ್ನ ಎಷ್ಟ ತಪ್ಪ ಮುಚ್ಚಾಕತ್ತಿತ್ತು ಅಂತ.

---

ಸಂಜೆ_ಪೈಲಟ್

ಲೂಪ್ ಗೇನ್ ಸಾರ್, ನಾಚಿಕೆ ಬಿಟ್ಟು ಹೇಳ್ತೀನಿ. ಈಗ ಹೋಗಿ ನೋಡಿದೆ. ಸ್ವಿಚ್ಚು ಕ್ಯಾಟ್ 3ರಲ್ಲಿದೆ. ನಾನು ಬಾಂಬ್ ಪ್ರಾಕ್ಟೀಸ್ ಮಾಡ್ತಿದ್ದ ಮಿಷನ್ನಲ್ಲಿ ಸ್ಟೋರ್ಸ್ ಕಾನ್ಫಿಗ್ ಲೈಟ್ ಹತ್ತಿತ್ತು, ಯಾರೋ ವಿಡಿಯೋದಲ್ಲಿ ಹೇಳಿದ್ರು ಅಂತ ತಿರುಗಿಸಿದ್ದೆ, ಆಮೇಲೆ ಸ್ಟಾರ್ಟ್ ಮಾಡುವಾಗೆಲ್ಲ ಕೈ ತಾನಾಗೇ ಅಲ್ಲಿಗೇ ತಿರುಗಿಸ್ತಿತ್ತು, ಗನ್ ಮಾತ್ರ ಇಟ್ಕೊಂಡು ಡಾಗ್‌ಫೈಟ್ ಹೋಗುವಾಗ್ಲೂ. ಮೂರು ವಾರದಿಂದ ಬಾಂಬ್ ಹೊತ್ತ ಕತ್ತೆ ಥರ ಹಾರಿಸಿದೀನಿ 😅

ಕರ್ವ್ 25. ಮಿಗ್‌ಗೆ ಇಟ್ಟಿದ್ದನ್ನೇ ಕಾಪಿ ಮಾಡಿದ್ದು. ಮೂರನೇ ಪ್ರಶ್ನೆಗೆ ಉತ್ತರ: ಪೂರ್ತಿ ಹೊತ್ತು.

---

ಲೂಪ್_ಗೇನ್

ಹಹ್ಹ, ನಾಚಿಕೆ ಏನಿಲ್ಲ, ಎಲ್ಲರೂ ಒಂದಲ್ಲ ಒಂದಿನ ಹಾರಿಸಿರ್ತೀವಿ ಹಾಗೆ. ಕ್ಯಾಟ್ 3 ಅನ್ನೋದು ರೆಕ್ಕೆ ಕೆಳಗೆ ಭಾರ ನೇತಾಕಿದಾಗ ಗಾಡಿ ಕೈ ತಪ್ಪದೇ ಇರ್ಲಿ ಅಂತ ಆಂಗಲ್ಲನ್ನೂ ಉರುಳೋದನ್ನೂ ಕಡಿಮೆ ಮಾಡಿ ಇಡೋದು. ಕ್ಯಾಟ್ 1ಕ್ಕೆ ಹಾಕಿ, ಕರ್ವ್ ಸೊನ್ನೆಗೆ ಇಳಿಸಿ, ಈಗಾಗ್ಲೇ ಕಂಪ್ಯೂಟರ್ ಒಳಗೆ ಒಂದು ಕರ್ವ್ ಇದೆ, ಅದರ ಮೇಲೆ ನಿಮ್ಮದೊಂದು ಯಾಕೆ.

ಮುಖ್ಯವಾದದ್ದು ಮೂರನೇದು. ಎಫ್-16ರಲ್ಲಿ ಕೊನೇವರೆಗೂ ಎಳೆದ್ರೆ 9 ಜಿ ಸಿಗುತ್ತೆ ಅನ್ನೋದು ಅರ್ಧ ಸತ್ಯ. ಆಂಗಲ್ ಆಫ್ ಅಟ್ಯಾಕ್ 15 ಡಿಗ್ರಿ ದಾಟಿದ ಮೇಲೆ ಕಂಪ್ಯೂಟರ್ ಜಿ ಕಮ್ಮಿ ಮಾಡ್ತಾ ಬರುತ್ತೆ, 25ರ ಹತ್ರ ಹೆಚ್ಚುಕಮ್ಮಿ 1 ಜಿಗೆ ಬಂದು ನಿಲ್ಲುತ್ತೆ. ನೀವು ಪೂರ್ತಿ ಎಳೆದು ಕೂತಿದ್ರೆ ಮೊದಲ ಅರ್ಧ ಸುತ್ತು ರಾಜ, ಆಮೇಲೆ ಸ್ಪೀಡ್ ಕರಗಿ, ಜಿ ಕರಗಿ, ಎದುರಿನವನಿಗೆ ಗುರಿಹಲಗೆ. ಗಾಡಿ ಬೀಳಲ್ಲ, ಅಲ್ಲಾಡಲ್ಲ, ಬೈಯಲ್ಲ, ಸುಮ್ನೆ ನಿಮ್ಮನ್ನ ಸೋಲಿಸುತ್ತೆ. ಮಿಗ್ ಜೋರಾಗಿ ಕೂಗಿ ಹೇಳ್ತಿತ್ತು, ಇದು ನಂಬರಲ್ಲಿ ಹೇಳುತ್ತೆ. ಎದುರಿನ ಗಾಜಿನ ಮೇಲೆ ನಂಬರ್ ತೋರಿಸೋ ಹಡ್‌ನಲ್ಲಿ ಸ್ಪೀಡು 440 ನಾಟ್ ಹತ್ರ ಹಿಡ್ಕೊಂಡು ಸುತ್ತಿ ನೋಡಿ, ಬೆರಳಿನಷ್ಟು ಸಡಿಲಿಸಿದ್ರೆ ಸ್ಪೀಡ್ ಏರುತ್ತೆ, ಬೆರಳಿನಷ್ಟು ಎಳೆದ್ರೆ ಇಳಿಯುತ್ತೆ, ಮೂತಿ ಒಂಚೂರು ಕೆಳಗೆ ಬಿಟ್ಟು ಎತ್ತರ ಕೊಟ್ಟು ಸ್ಪೀಡ್ ಕೊಂಡ್ಕೊಳ್ಬೇಕು. ವ್ಯಾಪಾರ ಅದು.

ಇನ್ನು ಅದು ಬಯ್ಯೋದನ್ನೇ ಕೇಳ್ಬೇಕು ಅಂದ್ರೆ ನೆಟ್ಟಗೆ ಮೇಲಕ್ಕೆ ಹೋಗಿ ಸ್ಪೀಡ್ ಪೂರ್ತಿ ಕಳ್ಕೊಂಡು ಹಿಂದಕ್ಕೆ ಜಾರಿ. ಲಿಮಿಟರಿಗೂ ಸಿಗದ ಜಾಗಕ್ಕೆ ಹೋಗಿ ಡೀಪ್ ಸ್ಟಾಲಲ್ಲಿ (ಸ್ಟಾಲ್ ಅಂದ್ರೆ ರೆಕ್ಕೆ ಎತ್ತೋದು ಬಿಡೋದು) ಕೂತ್ಕೊಳ್ಳುತ್ತೆ, ಮೂತಿ ಒಂದು ಕಡೆ, ಬೀಳೋದು ಇನ್ನೊಂದು ಕಡೆ. ಆಗ ಎಂಪಿಓ ಸ್ವಿಚ್ ಒತ್ತಿ ಹಿಡಿದು, ಕಂಪ್ಯೂಟರನ್ನ ಪಕ್ಕಕ್ಕೆ ಸರಿಸಿ, ಉಯ್ಯಾಲೆ ಜೀಕೋ ಹಾಗೆ ಮೂತಿ ಮೇಲೆ ಹೋಗುವಾಗ ಎಳೆದು ಕೆಳಗೆ ಬರುವಾಗ ತಳ್ಳಿ, ತಾಳ ಹಿಡಿದು ಹೊರಗೆ ಬರಬೇಕು. ಎತ್ತರ ಬೇಕಾದಷ್ಟಿರಲಿ.

---

ಕರಾವಳಿ_ಟಾಮ್‌ಕ್ಯಾಟ್

ಹಾರ್ಡ್‌ವೇರ್ ಬಗ್ಗೆ ಒಂದು ಮಾತು ಸೇರಿಸ್ತೇನೆ, ಯಾಕಂದ್ರೆ ಇವರು ನಾಳೆ ಹೋಗಿ ಫೋರ್ಸ್ ಫೀಡ್‌ಬ್ಯಾಕ್ ಸ್ಟಿಕ್ ತೆಗೊಳ್ತಾರೋ ಅಂತ ಹೆದರಿಕೆ. ನನ್ನ ಹತ್ರ ಮೈಕ್ರೋಸಾಫ್ಟಿನ ಹಳೆಯ ಸೈಡ್‌ವೈಂಡರ್ ಫೋರ್ಸ್ ಫೀಡ್‌ಬ್ಯಾಕ್ 2 ಉಂಟು, ಬೆಂಗಳೂರಿಗೆ ಬಂದಾಗ ಎಸ್‌ಪಿ ರೋಡಲ್ಲಿ ಧೂಳು ಹಿಡಿದು ಕೂತದ್ದು ಸಿಕ್ಕಿದ್ದು. ಸ್ಪಿಟ್‌ಫೈರಲ್ಲಿ ಅದು ಸ್ವರ್ಗ, ಸ್ಪೀಡ್ ಏರಿದ ಹಾಗೆ ಕಲ್ಲಿನ ಹಾಗೆ ಬಿಗಿ ಆಗ್ತದೆ, ಸ್ಟಾಲ್ ಹತ್ರ ಗಂಜಿ ಕಲಕಿದ ಹಾಗೆ ಸಡಿಲ. ಟ್ರಿಮ್ ಮಾಡಿದ್ರೆ ಸ್ಟಿಕ್ಕೇ ಎದ್ದು ಹೋಗಿ ಹೊಸ ಜಾಗದಲ್ಲಿ ನಿಲ್ತದೆ. ಅದೇ ಸ್ಟಿಕ್ಕಲ್ಲಿ ಎಫ್-16 ಹಾಕಿದ್ರೆ ಸತ್ತ ಸ್ಪ್ರಿಂಗ್. ದುಡ್ಡು ದಂಡ. ನೀವು ಎಫ್-16ರಲ್ಲೇ ಇರುವುದಾದ್ರೆ ಇರುವ ಲಾಜಿಟೆಕ್ ಸಾಕು, ಉಳಿದ ದುಡ್ಡಲ್ಲಿ ತಲೆ ತಿರುಗಿಸುವ ಟ್ರ್ಯಾಕರ್ ತೆಗೊಳ್ಳಿ, ಆ ಗಾಜಿನ ಡಬ್ಬದಲ್ಲಿ ಹಿಂದೆ ತಿರುಗಿ ನೋಡುವುದೇ ಅರ್ಧ ಯುದ್ಧ.

---

ಮೌಸ್ಏಮ್_ಮಂಜ

ಅಂದ್ರೆ ಕೊನೇಗೆ ಎಲ್ರೂ ಎದುರಾಳಿ ಹಿಂದೆ ಸೇರ್ಕೊಳ್ಳೋದ್ರ ಬಗ್ಗೇನೇ ಮಾತಾಡ್ತಿದೀರಿ. ನಾನು ಮೊದಲನೇ ಕಾಮೆಂಟಲ್ಲೇ ಹೇಳಿರ್ಲಿಲ್ವಾ?

---

ಧಾರವಾಡ_ಡೆಲ್ಟಾ

ಮಂಜಾ ನಿಂಗ ಒಂದ ದಿನ ಸ್ಟಿಕ್ ಕೈಯಾಗ ಕೊಟ್ಟು ಮಿಗ್ ಇಳಸಾಕ ಹಚ್ಚತೇನಿ, ಆಮ್ಯಾಲ ಮಾತಾಡೂಣು.

---

ಸಂಜೆ_ಪೈಲಟ್

ಒಂದು ವಾರ ಆಯ್ತು, ಅಪ್‌ಡೇಟ್ ಕೊಡ್ತೀನಿ.

ಕ್ಯಾಟ್ 1, ಕರ್ವ್ ಸೊನ್ನೆ. ಮೊದಲ ದಿನ ಮೂತಿ ಎದ್ದ ರಭಸಕ್ಕೆ ಸ್ಕ್ರೀನ್ ಕಪ್ಪಾಗಿ ಎಚ್ಚರ ಬರೋ ಹೊತ್ತಿಗೆ ಬೆಟ್ಟ. ಸರಿ ಅಂತ 440 ಹಿಡಿಯೋದನ್ನ ಪ್ರಾಕ್ಟೀಸ್ ಮಾಡಿದೆ, ಮೂರು ರಾತ್ರಿ ಬರೀ ಸುತ್ತೋದು, ಎದುರಾಳಿನೇ ಇಲ್ಲದೆ. ನಾಲ್ಕನೇ ರಾತ್ರಿ ಕಂಪ್ಯೂಟರ್ ಓಡಿಸೋ ಎಫ್-5 ಜೊತೆ ಹೋದೆ, ಗೆದ್ದೆ. ಐದನೇ ರಾತ್ರಿ ಆನ್‌ಲೈನಲ್ಲಿ ಇನ್ನೊಬ್ಬ ಎಫ್-16ರವನ ಜೊತೆ, ಇಬ್ಬರದ್ದೂ ಒಂದೇ ಗಾಡಿ, ಒಂದೇ ಲಿಮಿಟರ್, ಇಬ್ಬರೂ ಸುತ್ತುತಾನೇ ಇದೀವಿ, ಒಂದು ನಿಮಿಷ, ಒಂದೂವರೆ ನಿಮಿಷ, ಅವನು ಇಂಚಿಂಚೇ ಹಿಂದೆ ಬರ್ತಿದಾನೆ, ನಂಗೆ ಗೊತ್ತಾಗ್ತಿದೆ ನಾನು ಎಲ್ಲೋ ಹತ್ತು ನಾಟ್ ಕಳ್ಕೊಂಡಿದೀನಿ ಅಂತ, ಆದ್ರೆ ಎಲ್ಲಿ ಅಂತ ಗೊತ್ತಾಗ್ತಿಲ್ಲ, ಗಾಬರಿಯಾಗಿ ಪೂರ್ತಿ ಎಳೆದೆ, ಅಲ್ಲಿಗೆ ಮುಗೀತು. ಅಂಗೈ ಪೂರ್ತಿ ಬೆವರು. ಮಿಗ್‌ನಲ್ಲಿ ಬೆವರಿದ್ದು ವಿಮಾನಕ್ಕೆ ಹೆದರಿ, ಇದರಲ್ಲಿ ಎದುರಿನವನಿಗೆ ಹೆದರಿ. ಇನ್ನೂ ನಂಗೆ ಆ ನಡುಕ ಮಿಸ್ ಆಗುತ್ತೆ, ಅದನ್ನ ಒಪ್ಕೊಳ್ತೀನಿ. ಡೀಪ್ ಸ್ಟಾಲೂ ಟ್ರೈ ಮಾಡಿದೆ, ಉಯ್ಯಾಲೆ ತಾಳ ಸಿಗಲಿಲ್ಲ, ಎಜೆಕ್ಟ್.

ಲ್ಯಾಂಡಿಂಗ್ ಕೂಡ ಅನ್ಕೊಂಡಷ್ಟು ಸಪ್ಪೆ ಇಲ್ಲ. 13 ಡಿಗ್ರಿ ಹಿಡ್ಕೊಂಡು ಬಂದು, ಚಕ್ರ ತಾಗಿದ ಮೇಲೂ ಮೂತಿ ಎತ್ತೇ ಇಟ್ಕೊಂಡು ಗಾಳಿಗೆ ಎದೆ ಕೊಟ್ಟು ನಿಧಾನ ಮಾಡೋದು ಚೆನ್ನಾಗಿದೆ, 15 ದಾಟಿದ್ರೆ ಬಾಲ ಉಜ್ಜುತ್ತೆ ಅಂತ ಓದಿದ್ದೆ, ಉಜ್ಜಿದೆ.

ನಿನ್ನೆ ರಾತ್ರಿ ಆಸೆ ಆಗಿ ಮಿಗ್-21 ಹೊರಗೆ ತೆಗೆದೆ. ಗಡಗಡ ಎಲ್ಲ ಹಾಗೇ ಇದೆ, ಹಳೇ ಮನೆಗೆ ಹೋದಂಗಾಯ್ತು. ಇಳಿಯೋಕೆ ಬಂದೆ, ರನ್‌ವೇ ಅಂಚು ದಾಟಿದ್ದೇ ಎಫ್-16 ಅಭ್ಯಾಸದಲ್ಲಿ ಥ್ರಾಟಲ್ ಸರ್ ಅಂತ ಹಿಂದಕ್ಕೆ ಎಳ್ಕೊಂಡೆ.

---

ಕರಾವಳಿ_ಟಾಮ್‌ಕ್ಯಾಟ್

ಅಯ್ಯೋ ದೇವರೇ. ಎಸ್‌ಪಿಎಸ್?

---

ಸಂಜೆ_ಪೈಲಟ್

ಆನ್ ಇತ್ತು. ಚಕ್ರ ಒಂದು ಕಡೆ, ನಾನು ಒಂದು ಕಡೆ.

---

ಧಾರವಾಡ_ಡೆಲ್ಟಾ

ರವಿವಾರ ರಾತ್ರಿ ಹತ್ತಕ್ಕ ಸರ್ವರ್ ಹಾಕತೇನಿ, ಬರೀ ಗನ್. ಸಂಜೆ ಪೈಲಟ್ ಎಫ್-16 ತರ್ರಿ, ನಾ ಮಿರಾಜ್ ತರತೇನಿ. ಸ್ವಿಚ್ ಒಮ್ಮೆ ನೋಡ್ಕೊಂಡು ಬರ್ರಿ ಮತ್ತ.